ಪಾಯಿಂಟ್ ಇಲ್ಲದ ಕಿಡಿ: ಹಳೆಯ ಕಾರ್ವೆಟ್‌ಗೆ ಕೆ66 ಜೋಡಿಸುವ ಕಥೆ

1964ರ ಮಾದರಿಯ ಶೆವ್ರೊಲೆ ಕಾರ್ವೆಟ್ ಬುಕ್ ಮಾಡಲು ಹೋದ ಅಮೆರಿಕದ ಗಿರಾಕಿಯ ಮುಂದೆ ಡೀಲರ್ ಒಂದು ಉದ್ದನೆಯ ಪಟ್ಟಿ ಇಡುತ್ತಿದ್ದ. ಬೇಕಿದ್ದರೆ ಏರ್ ಕಂಡೀಷನರ್, ಬೇಕಿದ್ದರೆ ಚರ್ಮದ ಸೀಟು, ಬೇಕಿದ್ದರೆ ಗುಂಡಿ ಒತ್ತಿದರೆ ಇಳಿಯುವ ಕಿಟಕಿ ಗಾಜು. ಒಂದೊಂದಕ್ಕೂ ಒಂದೊಂದು ಸಂಕೇತ, ಒಂದೊಂದು ಬೆಲೆ. ಆ ವರ್ಷ ಪಟ್ಟಿಗೆ ಹೊಸದಾಗಿ ಸೇರಿದ ಒಂದು ಸಾಲು ಕೆ66, ಅಂದರೆ ಟ್ರಾನ್ಸಿಸ್ಟರ್ ಇಗ್ನಿಷನ್. ಬಾನೆಟ್ ಮುಚ್ಚಿದರೆ ಕಾಣದ, ಪಕ್ಕದ ಮನೆಯವರಿಗೆ ತೋರಿಸಿ ಬೀಗಲಾಗದ ವಸ್ತು ಅದು. ಆ ಮಾದರಿಯ 22 ಸಾವಿರ ಚಿಲ್ಲರೆ ಕಾರ್ವೆಟ್‌ಗಳಲ್ಲಿ ಕೆ66 ಹಾಕಿಸಿಕೊಂಡವು ಐನೂರು ಚಿಲ್ಲರೆ ಮಾತ್ರ.

ಅರವತ್ತು ವರ್ಷಗಳ ನಂತರ ಲೆಕ್ಕ ತಲೆಕೆಳಗಾಗಿದೆ. ಹಳೆಯ ಕಾರ್ವೆಟ್‌ಗಳನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೇ ಮರಳಿಸಲು ದುಡ್ಡು, ಸಮಯ ಎರಡನ್ನೂ ಸುರಿಯುವವರಿಗೆ ಕೆ66 ಈಗ ಹುಡುಕಿ ಹಿಡಿಯಬೇಕಾದ ಸರಕು. ಆದರೆ ಹುಡುಕಿದ್ದು ಸಿಕ್ಕ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಈ ವ್ಯವಸ್ಥೆಯ ವೈರಿಂಗ್ ಮಾಮೂಲಿ ಕಾರಿನ ಇಗ್ನಿಷನ್ ವೈರಿಂಗ್‌ನಂತೆ ಇಲ್ಲ. ಕೆಲವು ಕಡೆ ಅದಕ್ಕೆ ಪೂರಾ ಉಲ್ಟಾ ಇದೆ. ಅದನ್ನು ಅರಿಯದೆ ಕೈಹಾಕಿದವರು ಅಂದೂ ಅದರ ಟ್ರಾನ್ಸಿಸ್ಟರ್ ಡಬ್ಬಿ ಸುಟ್ಟರು, ಇಂದೂ ಸುಡುತ್ತಿದ್ದಾರೆ. ಬೈಗುಳ ಮಾತ್ರ ಅಂದಿನಿಂದಲೂ ಡಬ್ಬಿಗೇ.

ಕೆ66 ಯಾತಕ್ಕೆ ಬಂತು ಎಂದು ತಿಳಿಯಲು ಪಾಯಿಂಟ್‌ನಿಂದಲೇ ಶುರು ಮಾಡಬೇಕು. ಒಹಾಯೊ ರಾಜ್ಯದ ಡೇಟನ್ ಊರಿನ ಒಂದು ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕೆಟರಿಂಗ್ 1910ರ ಕ್ಯಾಡಿಲಾಕ್‌ಗಾಗಿ ರೂಪಿಸಿಕೊಟ್ಟ ಇಗ್ನಿಷನ್ ಅದು. ಅದಕ್ಕೆಂದು ಆತ ಎಡ್ವರ್ಡ್ ಡೀಡ್ಸ್ ಜತೆ ಕಟ್ಟಿದ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯೇ ಮುಂದೆ ಡೆಲ್ಕೊ ಎಂದು ಹೆಸರಾಯಿತು, ಜನರಲ್ ಮೋಟರ್ಸ್‌ನ ತೆಕ್ಕೆಗೆ ಸೇರಿತು. ತತ್ತ್ವ ಸರಳ. ಬ್ಯಾಟರಿಯ ಕರೆಂಟು ಕಾಯಿಲ್‌ನ ದಪ್ಪ ತಂತಿಯ ಸುತ್ತುಗಳಲ್ಲಿ ಹರಿಯುವಾಗ ಅಲ್ಲಿ ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ಆ ಹರಿವನ್ನು ಥಟ್ಟನೆ ಕಡಿದರೆ ಕ್ಷೇತ್ರ ಕುಸಿಯುತ್ತದೆ, ಪಕ್ಕದ ಸಣ್ಣ ತಂತಿಯ ಸಾವಿರಾರು ಸುತ್ತುಗಳಲ್ಲಿ ಹತ್ತಾರು ಸಾವಿರ ವೋಲ್ಟ್ ಹುಟ್ಟುತ್ತದೆ. ಅದೇ ಪ್ಲಗ್‌ನಲ್ಲಿ ಹಾರುವ ಕಿಡಿ. ಹರಿವನ್ನು ಕಡಿಯುವ ಕೆಲಸ ಪಾಯಿಂಟ್‌ನದು: ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಒಳಗೆ ತಿರುಗುವ ಕ್ಯಾಮ್ ಒಂದು ಪುಟ್ಟ ತೋಳನ್ನು ದೂಡಿ ಎರಡು ಲೋಹದ ಬಿಲ್ಲೆಗಳನ್ನು ಬೇರೆ ಮಾಡುತ್ತದೆ.

ಈ ಏರ್ಪಾಟು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಕಾರು, ಬೈಕುಗಳನ್ನು ಓಡಿಸಿತು. ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ, ಯೆಜ್ಡಿಗಳೂ ಪಾಯಿಂಟ್ ನಂಬಿಯೇ ಓಡಿದವು. ಅಂಬಾಸಿಡರ್ ಓಡಿಸಿದ ಹಿರಿಯರನ್ನು ಕೇಳಿದರೆ, ರಸ್ತೆ ಬದಿಯಲ್ಲಿ ಕ್ಯಾಪ್ ಬಿಚ್ಚಿ ಎಮರಿ ಪೇಪರಿನಿಂದ ಪಾಯಿಂಟ್ ಉಜ್ಜಿ ಊರು ಸೇರಿದ ಕಥೆ ಒಂದಲ್ಲ ಒಂದು ಇದ್ದೇ ಇರುತ್ತದೆ. ಪಾಯಿಂಟ್‌ನ ದೊಡ್ಡ ಗುಣವೇ ಅದು. ಏನು ಕೆಟ್ಟಿದೆ ಎಂಬುದು ಕಣ್ಣಿಗೆ ಕಾಣುತ್ತದೆ, ಕೈಯಲ್ಲೇ ಸರಿಯಾಗುತ್ತದೆ.

ಅದರ ದೋಷವೂ ಅಲ್ಲೇ ಇದೆ. ಕಾಯಿಲ್‌ಗೆ ಹೋಗುವ ಅಷ್ಟೂ ಕರೆಂಟು ಆ ಎರಡು ಬಿಲ್ಲೆಗಳ ಮೂಲಕವೇ ಹಾಯಬೇಕು. ಬೇರೆಯಾಗುವಾಗಲೆಲ್ಲ ಅವುಗಳ ನಡುವೆ ಸಣ್ಣ ಕಿಡಿ ಹಾರಿ ಮೇಲ್ಮೈ ಸುಡುತ್ತದೆ. ಅದನ್ನು ತಗ್ಗಿಸಲೆಂದೇ ಕಂಡೆನ್ಸರ್ ಇರುವುದು, ಆದರೆ ಪೂರ್ತಿ ತಡೆಯುವುದು ಅದರ ಕೈಲೂ ಆಗದು. ಕ್ಯಾಮ್‌ಗೆ ತಾಗಿ ಉಜ್ಜುವ ತುಂಡು ಸವೆದಂತೆಲ್ಲ ಗ್ಯಾಪ್ ಕಿರಿದಾಗುತ್ತದೆ, ಗ್ಯಾಪ್ ಕಿರಿದಾದಂತೆ ಟೈಮಿಂಗ್ ಹಿಂದೆ ಬೀಳುತ್ತದೆ. ಶೆವ್ರೊಲೆ ವಿ8ರಲ್ಲಿ ಹೊಸ ಪಾಯಿಂಟ್‌ಗೆ ಇಡಬೇಕಾದ ಗ್ಯಾಪ್ ಅರ್ಧ ಮಿಲಿಮೀಟರಿಗೂ ಕೊಂಚ ಕಡಿಮೆ. ಅದರಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ಎಂಜಿನ್ ಬೇರೆಯೇ ರಾಗ ಹಾಡುತ್ತದೆ.

ಇನ್ನು ವೇಗದ ಲೆಕ್ಕ. ಎಂಟು ಸಿಲಿಂಡರಿನ ಫೋರ್‌ಸ್ಟ್ರೋಕ್ ಎಂಜಿನ್‌ಗೆ ಒಂದು ಸುತ್ತಿಗೆ ನಾಲ್ಕು ಕಿಡಿ ಬೇಕು. ನಿಮಿಷಕ್ಕೆ 6,000 ಸುತ್ತಿನಲ್ಲಿ ಅದು 24,000 ಕಿಡಿ, ಅಂದರೆ ಸೆಕೆಂಡಿಗೆ 400. ಒಂದು ಕಿಡಿಗೂ ಮುಂದಿನದಕ್ಕೂ ನಡುವೆ ಇರುವುದು ಎರಡೂವರೆ ಮಿಲಿಸೆಕೆಂಡು. ಅಷ್ಟರಲ್ಲಿ ಪಾಯಿಂಟ್ ಕೂಡಿರುವುದು ಸುಮಾರು ಮೂರರಲ್ಲಿ ಎರಡು ಪಾಲು ಹೊತ್ತು. ಒಂದೂ ಮುಕ್ಕಾಲು ಮಿಲಿಸೆಕೆಂಡಿಗೂ ಕಡಿಮೆ ಸಮಯದಲ್ಲಿ ಕಾಯಿಲ್ ತುಂಬಿಕೊಳ್ಳಬೇಕು. ತುಂಬುವುದಿಲ್ಲ. ವೇಗ ಏರಿದಂತೆ ಕಿಡಿ ಸೊರಗುತ್ತದೆ. ಅದೂ ಯಾವಾಗ? ಕಾರ್ವೆಟ್‌ನಂಥ ಕಾರಿನ ಮಾಲೀಕ ಕಾಲೊತ್ತಿ ಹಿಡಿದಾಗ, ಸಿಲಿಂಡರಿನ ಒಳಗಿನ ಒತ್ತಡ ಏರಿ ಜೋರು ಕಿಡಿ ಬೇಕಾದಾಗಲೇ. ಮೇಲಾಗಿ ಆ ವೇಗದಲ್ಲಿ ಪಾಯಿಂಟ್‌ನ ತೋಳು ಕ್ಯಾಮ್ ಹಿಂದೆ ಓಡಲಾರದೆ ಕುಪ್ಪಳಿಸತೊಡಗುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದರೆ ಉಜ್ಜುವ ತುಂಡು ಬೇಗ ಸವೆಯುತ್ತದೆ. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ.

ಹೆಚ್ಚು ಕರೆಂಟು ಹರಿಸಿದರೆ ಕಾಯಿಲ್ ಬೇಗ ತುಂಬುತ್ತದೆ, ನಿಜ. ಆದರೆ ಪಾಯಿಂಟ್ ಅಷ್ಟನ್ನು ತಾಳಿಕೊಳ್ಳದು. ಕರೆಂಟನ್ನು ಕಡಿಯುವ ಕೆಲಸವನ್ನು ಬೇರೆ ಯಾರಿಗಾದರೂ ಒಪ್ಪಿಸಲೇಬೇಕಿತ್ತು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಹತ್ತು ವರ್ಷದೊಳಗೆ ಕಾರಿನ ರೇಡಿಯೊಗಳಿಗೆ ಬಂದಿತ್ತು. ಜನರಲ್ ಮೋಟರ್ಸ್‌ನದೇ ಆದ ಡೆಲ್ಕೊ ರೇಡಿಯೊ ವಿಭಾಗ ಇಂಡಿಯಾನಾದ ಕೊಕೊಮೊದಲ್ಲಿ ಜೋರು ಕರೆಂಟು ತಾಳುವ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸುತ್ತಿತ್ತು. ಅದೇ ರಾಜ್ಯದ ಆಂಡರ್ಸನ್ ಊರಿನಲ್ಲಿ ಇಗ್ನಿಷನ್ ತಯಾರಿಸುವ ಡೆಲ್ಕೊ-ರೆಮಿ ಇತ್ತು. ಎರಡೂ ಕೈಗಳು ಒಂದೇ ಮನೆಯವು. ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಲೂಕಾಸ್ ಕಂಪನಿ ಬಿಆರ್‌ಎಂ ತಂಡದ ರೇಸ್ ಕಾರಿಗೆ ಟ್ರಾನ್ಸಿಸ್ಟರ್ ಇಗ್ನಿಷನ್ ಕೊಟ್ಟಿತ್ತು, 1962ರಲ್ಲಿ ಗ್ರಹಾಂ ಹಿಲ್ ಆ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದರು. 1963ರ ಮಾದರಿಯ ಪಾಂಟಿಯಾಕ್ ಕಾರುಗಳಿಗೆ ಡೆಲ್ಕೊ-ರೆಮಿಯ ಪಾಯಿಂಟ್‌ರಹಿತ ಇಗ್ನಿಷನ್ ಐಚ್ಛಿಕವಾಗಿ ಸಿಕ್ಕಿತು. ಮರುವರ್ಷ ಅದು ಕೆ66 ಹೆಸರಿನಲ್ಲಿ ಕಾರ್ವೆಟ್‌ಗೂ ಬಂತು.

ಆ ಹೊತ್ತಿಗೆ ಮಾರುಕಟ್ಟೆಯಲ್ಲಿದ್ದ ಕೆಲವು ಟ್ರಾನ್ಸಿಸ್ಟರ್ ಇಗ್ನಿಷನ್‌ಗಳು ಪಾಯಿಂಟ್ ಉಳಿಸಿಕೊಂಡು ಅದರ ಹೊರೆಯನ್ನಷ್ಟೇ ಇಳಿಸಿದ್ದವು. ಡೆಲ್ಕೊ-ರೆಮಿಯವರು ಪಾಯಿಂಟನ್ನೇ ಕಿತ್ತು ಹಾಕಿದರು. ಅವರ ಡಿಸ್ಟ್ರಿಬ್ಯೂಟರ್ ಬಿಚ್ಚಿ ನೋಡಿದರೆ ಎಂಥವರಿಗೂ ಖುಷಿಯಾಗುತ್ತದೆ. ನಡುವಿನ ಶಾಫ್ಟ್ ಮೇಲೆ ಎಂಟು ಹಲ್ಲಿನ ಕಬ್ಬಿಣದ ನಕ್ಷತ್ರ. ಸುತ್ತ ನಿಂತಿರುವ ಬಳೆಗೂ ಒಳಮುಖವಾಗಿ ಎಂಟು ಹಲ್ಲು. ಬಳೆಯ ಕೆಳಗೆ ಕಾಯಂ ಅಯಸ್ಕಾಂತ, ಸಣ್ಣ ತಾಮ್ರದ ತಂತಿ ಸುತ್ತಿದ ಒಂದು ಸುರುಳಿ. ನಕ್ಷತ್ರ ತಿರುಗುತ್ತಾ ಅದರ ಹಲ್ಲುಗಳು ಬಳೆಯ ಹಲ್ಲುಗಳಿಗೆ ಎದುರಾಗಿ ಹಾದುಹೋದಾಗ ಕಾಂತಕ್ಷೇತ್ರ ಬಲಗೊಂಡು ಸಡಿಲವಾಗುತ್ತದೆ, ಸುರುಳಿಯಲ್ಲಿ ಒಂದು ಪುಟ್ಟ ವಿದ್ಯುತ್ ತುಡಿತ ಏಳುತ್ತದೆ. ಯಾವುದೂ ಯಾವುದಕ್ಕೂ ತಾಗುವುದಿಲ್ಲ, ಹಾಗಾಗಿ ಸವೆಯುವ ಮಾತೇ ಇಲ್ಲ.

ಇಲ್ಲೊಂದು ಜಾಣತನವಿದೆ. ಒಂದೇ ಹಲ್ಲನ್ನು ಗುರುತು ಹಿಡಿದಿದ್ದರೂ ಕೆಲಸ ನಡೆಯುತ್ತಿತ್ತು. ಆದರೆ ಇಲ್ಲಿ ಎಂಟಕ್ಕೆ ಎಂಟೂ ಏಕಕಾಲಕ್ಕೆ ಎದುರಾಗುತ್ತವೆ. ಶಾಫ್ಟ್‌ನ ಬುಷ್ ಸವೆದು ನಕ್ಷತ್ರ ಒಂದು ಪಕ್ಕಕ್ಕೆ ವಾಲಿದರೆ ಒಂದೆಡೆ ಸಂದು ಕಿರಿದಾಗಿ, ಎದುರಿನ ಕಡೆ ಅಷ್ಟೇ ಅಗಲವಾಗುತ್ತದೆ. ಹೆಚ್ಚು ಕಡಿಮೆ ಸರಿದೂಗಿ ಟೈಮಿಂಗ್ ಅಷ್ಟಾಗಿ ಕದಲುವುದಿಲ್ಲ. ಪಾಯಿಂಟ್ ಇದ್ದ ಡಿಸ್ಟ್ರಿಬ್ಯೂಟರಿನಲ್ಲಿ ಅದೇ ವಾಲಾಟ ನೇರವಾಗಿ ಗ್ಯಾಪ್ ಮೇಲೆ ಬೀಳುತ್ತಿತ್ತು.

ತುಡಿತ ಎರಡು ತೆಳು ವೈರುಗಳ ಮೂಲಕ ಎಂಜಿನ್ನಿನಿಂದ ದೂರ ಕೂರಿಸಿದ ಅಲ್ಯುಮಿನಿಯಂ ಡಬ್ಬಿಗೆ ಹೋಗುತ್ತದೆ. ಅದೇ ಪಲ್ಸ್ ಆಂಪ್ಲಿಫೈಯರ್. ಒಳಗೆ ಮೂರು ಟ್ರಾನ್ಸಿಸ್ಟರ್. ಮಾಮೂಲಿ ಹೊತ್ತಿನಲ್ಲಿ ದೊಡ್ಡ ಟ್ರಾನ್ಸಿಸ್ಟರ್ ಕರೆಂಟನ್ನು ಕಾಯಿಲ್‌ಗೆ ಬಿಡುತ್ತಿರುತ್ತದೆ. ತುಡಿತ ಬಂದೊಡನೆ ಚಿಕ್ಕದು ಎಚ್ಚೆತ್ತು ನಡುವಿನದನ್ನು ಆರಿಸುತ್ತದೆ, ನಡುವಿನದು ಆರಿದರೆ ದೊಡ್ಡದೂ ಆರುತ್ತದೆ. ಕಾಯಿಲ್ ಕುಸಿಯುತ್ತದೆ, ಕಿಡಿ ಹಾರುತ್ತದೆ. ಅಲ್ಲಿಂದಾಚೆ ರೋಟರ್, ಕ್ಯಾಪ್, ಪ್ಲಗ್ ವೈರ್ ಎಲ್ಲವೂ ಕೆಟರಿಂಗ್ ಕಾಲದವೇ. ವೇಗಕ್ಕೆ ತಕ್ಕಂತೆ ಟೈಮಿಂಗ್ ಮುಂದಕ್ಕೆಳೆಯುವ ತೂಕ, ಸ್ಪ್ರಿಂಗ್‌ಗಳೂ ಡಿಸ್ಟ್ರಿಬ್ಯೂಟರಿನಲ್ಲಿ ಹಾಗೇ ಉಳಿದವು.

ಜರ್ಮೇನಿಯಂ ಟ್ರಾನ್ಸಿಸ್ಟರಿಗೆ ಎರಡು ಭಯ. ಒಂದು ಬಿಸಿ. ಸಿಲಿಕಾನ್ ಆರಾಮಾಗಿ ತಾಳುವ ಶಾಖದಲ್ಲಿ ಜರ್ಮೇನಿಯಂ ಸೋರತೊಡಗುತ್ತದೆ, ಸೋರಿದಷ್ಟೂ ಇನ್ನಷ್ಟು ಬಿಸಿಯಾಗುತ್ತದೆ, ಕೊನೆಗೆ ಸಾಯುತ್ತದೆ. ಇನ್ನೊಂದು ವೋಲ್ಟೇಜ್. ಮಾಮೂಲಿ ಕಾಯಿಲ್‌ನ ಕರೆಂಟು ಕಡಿದಾಗ ಅದರ ದಪ್ಪ ತಂತಿಯ ಕಡೆಯಲ್ಲೂ ಕೆಲವು ನೂರು ವೋಲ್ಟ್ ಪುಟಿಯುತ್ತದೆ. ಪಾಯಿಂಟ್‌ಗೆ ಅದು ಲೆಕ್ಕಕ್ಕಿಲ್ಲ. ಅಂದಿನ ಟ್ರಾನ್ಸಿಸ್ಟರಿಗೆ ಅದು ಪ್ರಾಣಾಂತಿಕ. ಅದಕ್ಕೆಂದೇ ಕೆ66ಕ್ಕೆ ಬೇರೆಯದೇ ಕಾಯಿಲ್ ಬಂತು: ದಪ್ಪ ತಂತಿಯ ಸುತ್ತು ಕಡಿಮೆ, ಅದರಲ್ಲಿ ಹರಿಯುವ ಕರೆಂಟು ಹೆಚ್ಚು, ಹಿಂದಕ್ಕೆ ಪುಟಿಯುವ ವೋಲ್ಟೇಜ್ ಕಡಿಮೆ. ನೋಡಲು ಎರಡು ಕಾಯಿಲ್‌ಗಳೂ ಅದೇ ಕಪ್ಪು ಡಬ್ಬಿ, ಅದೇ ಎರಡು ತಿರುಪು. ಅಂಗಡಿಯಿಂದ ಸಿಕ್ಕ ಕಾಯಿಲ್ ತಂದು ಕೆ66ಕ್ಕೆ ಹಾಕಿದರೆ ಎಂಜಿನ್ ಶುರುವಾಗಲೂಬಹುದು. ಅದೇ ಅಪಾಯ. ಕೆಲಸ ಆಯಿತೆಂದು ಬಾನೆಟ್ ಮುಚ್ಚಿದ ಮೇಲೆ ಒಳಗಿನ ಟ್ರಾನ್ಸಿಸ್ಟರ್ ಪ್ರತಿ ಕಿಡಿಗೂ ಪೆಟ್ಟು ತಿನ್ನುತ್ತಿರುತ್ತದೆ.

ಈಗ ವೈರಿಂಗ್‌ಗೆ ಬರೋಣ. ಇಡೀ ಕಥೆಯ ಗಂಟು ಇರುವುದು ಇಲ್ಲೇ.

ಪಾಯಿಂಟ್ ಇರುವ ಕಾರಿನಲ್ಲಿ ಕೀಯಿಂದ ಬಂದ ಕರೆಂಟು ಮೊದಲು ಕಾಯಿಲ್‌ನ ಪ್ಲಸ್‌ಗೆ ಹೋಗುತ್ತದೆ, ಮೈನಸ್‌ನಿಂದ ಹೊರಟು ಪಾಯಿಂಟ್ ಮೂಲಕ ಅರ್ತ್ ಸೇರುತ್ತದೆ. ಸ್ವಿಚ್ ಕಾಯಿಲ್‌ನ ಕೆಳಗಿದೆ. ಐವತ್ತು ವರ್ಷ ಅಭ್ಯಾಸವಾದ ಮೆಕ್ಯಾನಿಕ್‌ನ ಕೈ ಕತ್ತಲಲ್ಲೂ ಈ ದಾರಿ ಹಿಡಿಯುತ್ತದೆ. ಕೆ66ರಲ್ಲಿ ಕರೆಂಟು ಕೀಯಿಂದ ಮೊದಲು ಆಂಪ್ಲಿಫೈಯರಿಗೆ ಹೋಗುತ್ತದೆ. ಅಲ್ಲಿಂದ ಕಾಯಿಲ್‌ನ ಪ್ಲಸ್‌ಗೆ. ಮೈನಸ್‌ನಿಂದ ಹೊರಟದ್ದು ಒಂದು ರೆಸಿಸ್ಟೆನ್ಸ್ ವೈರ್ ದಾಟಿ ಅರ್ತ್ ಸೇರುತ್ತದೆ. ಸ್ವಿಚ್ ಕಾಯಿಲ್‌ನ ಮೇಲಿದೆ. ಹಳೆಯ ಅಭ್ಯಾಸದಲ್ಲಿ ಕಾಯಿಲ್ ಪ್ಲಸ್‌ಗೆ ನೇರ ಬ್ಯಾಟರಿ ವೈರ್ ಕೊಟ್ಟು ನೋಡುವ ಮೆಕ್ಯಾನಿಕ್ ಇಲ್ಲಿ ಆಂಪ್ಲಿಫೈಯರಿನ ಬಾಯಿಗೆ ಹಿಂದಿನಿಂದ ಕರೆಂಟು ತುರುಕಿದಂತಾಗುತ್ತದೆ. ಮೈನಸ್‌ಗೆ ಟೆಸ್ಟ್ ಲ್ಯಾಂಪ್ ಹಿಡಿದು ಅದು ಮಿಣುಕುವುದನ್ನು ಕಾಯುವವನಿಗೆ ಸಿಗುವ ಉತ್ತರಕ್ಕೆ ಅರ್ಥವೇ ಇಲ್ಲ.

ರೆಸಿಸ್ಟೆನ್ಸ್ ವೈರಿನ ಮಾತು ಇನ್ನೂ ಸೂಕ್ಷ್ಮ. ಈ ವ್ಯವಸ್ಥೆಯಲ್ಲಿ ಅಂಥ ವೈರ್ ಎರಡಿವೆ. ಒಂದೊಂದರ ತಡೆ ಒಂದು ಓಮ್‌ಗೂ ಕಡಿಮೆ. ಕಾಯಿಲ್‌ನೊಳಗಿನ ತಡೆಯೂ ತೀರಾ ಕಡಿಮೆ ಇರುವುದರಿಂದ, ಹರಿವಿಗೆ ಕಡಿವಾಣ ಹಾಕುವುದು ಈ ಎರಡು ವೈರುಗಳೇ. ಇವುಗಳಲ್ಲಿ ಒಂದನ್ನು ಸ್ಟಾರ್ಟರ್ ತಿರುಗುವ ಹೊತ್ತಿನಲ್ಲಿ ಬದಿಗೆ ಸರಿಸಲಾಗುತ್ತದೆ. ಸ್ಟಾರ್ಟರ್ ಎಳೆಯುವಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಆಗ ಕಾಯಿಲ್‌ಗೆ ತಡೆಯಿಲ್ಲದ ದಾರಿ ಬೇಕು. ಅದಕ್ಕೆ ಸ್ಟಾರ್ಟರ್ ಸಾಲಿನಾಯ್ಡ್‌ನಿಂದ ಬರುವ ಪ್ರತ್ಯೇಕ ವೈರ್ ಇದೆ. ಕೀ ಬಿಟ್ಟೊಡನೆ ಕರೆಂಟು ಮತ್ತೆ ರೆಸಿಸ್ಟೆನ್ಸ್ ಹಾದಿಗೆ ಮರಳುತ್ತದೆ.

ನೋಡಲು ಇವು ಬರೀ ವೈರ್‌ಗಳು. ರೆಸಿಸ್ಟರ್ ಎಂದು ತೋರಿಸುವ ಪಿಂಗಾಣಿ ಬಿಲ್ಲೆಯಾಗಲಿ ತಗಡಿನ ಚೌಕಟ್ಟಾಗಲಿ ಇಲ್ಲ. ವಿಶೇಷ ಲೋಹದಿಂದ ಮಾಡಿ, ಅಳತೆ ಮಾಡಿ ಕತ್ತರಿಸಿ, ಹಾರ್ನೆಸ್‌ನೊಳಗೆ ಉಳಿದವುಗಳ ಜತೆ ಹೆಣೆದ ತಂತಿ ಅದು. ಅದರ ಉದ್ದವೇ ಅದರ ಓಮ್. ಅರವತ್ತು ವರ್ಷದಲ್ಲಿ ಹೊದಿಕೆ ಒಣಗಿ ಬಿರಿದಿರುತ್ತದೆ. ಹಾರ್ನೆಸ್ ಬಿಚ್ಚಿದ ಅಚ್ಚುಕಟ್ಟಿನ ಕೆಲಸಗಾರನಿಗೆ ಆ ಬಿರಿದ ವೈರ್ ಕಂಡು ಕೈ ತಡೆಯುವುದಿಲ್ಲ. ಅದನ್ನು ಕತ್ತರಿಸಿ, ಅದೇ ಬಣ್ಣದ, ಅದೇ ದಪ್ಪದ ಹೊಸ ತಾಮ್ರದ ವೈರ್ ಹಾಕಿ, ಬೆಸುಗೆಯಿಟ್ಟು, ಟೇಪ್ ಸುತ್ತುತ್ತಾನೆ. ಕೆಲಸ ಎಷ್ಟು ಅಚ್ಚುಕಟ್ಟೋ ಅಷ್ಟೇ ಮಾರಕ. ಕಡಿವಾಣ ಹೋಯಿತು, ಕಾಯಿಲ್ ಕೈಮುಟ್ಟಲಾರದಷ್ಟು ಕಾಯುತ್ತದೆ, ಆಂಪ್ಲಿಫೈಯರ್ ಸತ್ತುಹೋಗುತ್ತದೆ. ತಾಮ್ರಕ್ಕೆ ಮೆತ್ತುವಷ್ಟು ಸಲೀಸಾಗಿ ಬೆಸುಗೆ ಈ ತಂತಿಗೆ ಮೆತ್ತುವುದಿಲ್ಲ ಎಂಬುದೇ ಗಮನವಿಟ್ಟು ಕೆಲಸ ಮಾಡುವವನಿಗೆ ಸಿಗುವ ಮೊದಲ ಸುಳಿವು.

ಅರ್ತ್‌ನ ವಿಷಯದಲ್ಲಿ ಕಾರ್ವೆಟ್ ಎಲ್ಲ ಕಾರುಗಳಂತಲ್ಲ. ಉಕ್ಕಿನ ಮೈ ಇರುವ ಕಾರಿನಲ್ಲಿ ಎಲ್ಲಿ ಬೇಕಾದರೂ ಬಣ್ಣ ಕೆರೆದು ಒಂದು ಬೋಲ್ಟ್ ಬಿಗಿದರೆ ಅರ್ತ್ ಸಿಕ್ಕಿತು. ಕಾರ್ವೆಟ್‌ನ ಮೈ ಫೈಬರ್‌ಗ್ಲಾಸ್. ಅದಕ್ಕೆ ಬಿಗಿದ ಬೋಲ್ಟ್‌ನಿಂದ ಒಂದು ಹನಿ ಕರೆಂಟೂ ಹರಿಯದು. ಹೆಡ್‌ಲೈಟ್‌ನಿಂದ ಹಿಡಿದು ಪ್ರತಿಯೊಂದಕ್ಕೂ ಲೋಹದ ಫ್ರೇಮಿಗೋ ಎಂಜಿನ್ನಿಗೋ ಹೋಗುವ ಅರ್ತ್ ವೈರ್ ಬೇಕು. ಕೆ66ರ ಕರೆಂಟು ಮಾಮೂಲಿಗಿಂತ ಹೆಚ್ಚು, ರೆಸಿಸ್ಟೆನ್ಸ್‌ಗಳು ಒಂದು ಓಮ್‌ಗೂ ಕಡಿಮೆ. ಅಂಥ ಕಡೆ ತುಕ್ಕು ಹಿಡಿದ ಒಂದು ಅರ್ತ್ ಬೋಲ್ಟ್ ಅರ್ಧ ಓಮ್ ಸೇರಿಸಿದರೂ ಕಿಡಿಯ ಕಸುವು ಇಳಿದುಬಿಡುತ್ತದೆ. ಬೆಳಿಗ್ಗೆ ಸರಿಯಾಗಿ ಶುರುವಾಗಿ ಮಧ್ಯಾಹ್ನ ಕೈಕೊಡುವ, ಅಲುಗಿಸಿದರೆ ಮತ್ತೆ ಓಡುವ ಕಾರುಗಳ ಹಿಂದೆ ಬಹಳ ಸಲ ಇರುವುದು ಇಂಥ ಬೋಲ್ಟ್.

ಡಿಸ್ಟ್ರಿಬ್ಯೂಟರಿನಿಂದ ಬರುವ ಆ ಎರಡು ತೆಳು ವೈರುಗಳಿಗೂ ಹಿಂದುಮುಂದಿದೆ. ಅದಲು ಬದಲಾದರೆ ಎಂಜಿನ್ ಸುಮ್ಮನಾಗುವುದಿಲ್ಲ, ಅದೇ ತಾಪತ್ರಯ. ತುಡಿತದ ಏರು ಇಳಿಜಾರಾಗಿ, ಇಳಿಜಾರು ಏರಾಗಿ, ಕಿಡಿ ತಪ್ಪು ಗಳಿಗೆಯಲ್ಲಿ ಹಾರುತ್ತದೆ. ಟೈಮಿಂಗ್ ಲೈಟ್ ಹಿಡಿದರೆ ಗುರುತು ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಡಿಸ್ಟ್ರಿಬ್ಯೂಟರ್ ತಿರುಗಿಸಿ ಸರಿಪಡಿಸಲು ಹೊರಟರೆ ಒಂದು ವೇಗಕ್ಕೆ ಸರಿಹೋದದ್ದು ಇನ್ನೊಂದಕ್ಕೆ ತಪ್ಪುತ್ತದೆ.

ಇದನ್ನೆಲ್ಲ 1960ರ ದಶಕದ ಅಮೆರಿಕದ ಹಳ್ಳಿಯೊಂದರ ಗ್ಯಾರೇಜಿನಲ್ಲಿ ಇಟ್ಟು ನೋಡಬೇಕು. ಅಲ್ಲಿದ್ದದ್ದು ಫೀಲರ್ ಗೇಜ್, ಟೆಸ್ಟ್ ಲ್ಯಾಂಪ್, ಪಾಯಿಂಟ್‌ನ ಬಿಡಿಭಾಗ. ಸೂಕ್ಷ್ಮ ಓಮ್ ಅಳೆಯುವ ಮೀಟರ್ ಎಲ್ಲರ ಬಳಿ ಇರಲಿಲ್ಲ. ಕಂಪನಿಯ ಕೈಪಿಡಿಯಲ್ಲಿ ಎಲ್ಲವನ್ನೂ ವಿವರಿಸಿದ್ದರು, ನಿಜ. ಆದರೆ ವರ್ಷಕ್ಕೆ ಒಂದೋ ಎರಡೋ ಕೆ66 ಕಾರು ಕಾಣುವ ಗ್ಯಾರೇಜಿನಲ್ಲಿ ಆ ಪುಟ ಯಾರು ತೆರೆದಾರು? ಕಾರು ನಿಂತಾಗ ಡಬ್ಬಿ ಬದಲಿಸಿ ನೋಡುವುದು, ಅದೂ ಸುಟ್ಟರೆ ಪೂರಾ ವ್ಯವಸ್ಥೆ ಕಿತ್ತು ಮಾಮೂಲಿ ಪಾಯಿಂಟ್ ಡಿಸ್ಟ್ರಿಬ್ಯೂಟರ್ ಕೂರಿಸುವುದು ರೂಢಿಯಾಯಿತು. ಕೆ66 ಕೆಟ್ಟದ್ದು ಎಂಬ ಹೆಸರು ಹಬ್ಬಿತು. ಜರ್ಮೇನಿಯಂ ಬಿಸಿಗೆ ಸೋಲುತ್ತಿದ್ದುದು ಸುಳ್ಳಲ್ಲ. ಆದರೆ ಆ ಕೆಟ್ಟ ಹೆಸರಿನ ದೊಡ್ಡ ಪಾಲು ಸೇರಬೇಕಾದದ್ದು ತಪ್ಪು ಕಾಯಿಲ್, ತಪ್ಪು ವೈರ್ ಮತ್ತು ಸಡಿಲ ಅರ್ತ್‌ಗಳಿಗೆ.

ಅಂದಿನ ಎಂಜಿನಿಯರುಗಳು ಇದರ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದರು ಎಂಬುದಕ್ಕೆ ಎಲ್88 ಸಾಕ್ಷಿ. 1967ರಲ್ಲಿ ರೇಸ್ ಮನಸ್ಸಿನಲ್ಲಿಟ್ಟುಕೊಂಡೇ ಎಂಜಿನಿಯರ್ ಜೋರಾ ಆರ್ಕಸ್-ಡುಂಟೊವ್ ಬಳಗ ತಂದ ಕಾರ್ವೆಟ್ ಎಂಜಿನ್ ಅದು. ಏಳು ಲೀಟರ್ ಗಾತ್ರ, 12.5:1 ಕಂಪ್ರೆಷನ್, ಕಾಗದದ ಮೇಲೆ 430 ಅಶ್ವಶಕ್ತಿ, ನಿಜದಲ್ಲಿ ಐನೂರು ದಾಟಿದ್ದು. ಈ ಎಂಜಿನ್ ಕೇಳಿದವರು ಕೆ66 ಬೇಡ ಎನ್ನುವಂತಿರಲಿಲ್ಲ, ಅದು ಕಡ್ಡಾಯ. ಬದಲಿಗೆ ರೇಡಿಯೊ ಬೇಕೆಂದರೂ ಕೊಡುತ್ತಿರಲಿಲ್ಲ. ಫೈಬರ್‌ಗ್ಲಾಸ್ ಮೈ ರೇಡಿಯೊ ಗದ್ದಲವನ್ನು ತಡೆಯದ ಕಾರಣ, ರೇಡಿಯೊ ಇರುವ ಕಾರ್ವೆಟ್‌ಗಳಲ್ಲಿ ಡಿಸ್ಟ್ರಿಬ್ಯೂಟರಿಗೂ ಪ್ಲಗ್ ವೈರುಗಳಿಗೂ ಹೊಳೆಯುವ ಲೋಹದ ಕವಚ ತೊಡಿಸುತ್ತಿದ್ದರು. ರೇಡಿಯೊ ಇಲ್ಲದ ಎಲ್88ರಲ್ಲಿ ಅದೂ ಇಲ್ಲ. ಆ ವರ್ಷ ತಯಾರಾದದ್ದು 20 ಎಲ್88 ಮಾತ್ರ, 1968ರಲ್ಲಿ 80, 1969ರಲ್ಲಿ 116. ಇವುಗಳಲ್ಲಿ ಕೆಲವು ಹರಾಜಿನಲ್ಲಿ ಹತ್ತಾರು ಲಕ್ಷ ಡಾಲರಿಗೆ ಹೋಗಿವೆ. ಅದಕ್ಕೂ ಮುಂಚೆ, 1966ರ ಹೊತ್ತಿಗೇ ಕೆ66 ಹಾಕಿದ ಕಾರ್ವೆಟ್‌ಗಳ ಸಂಖ್ಯೆ ವರ್ಷಕ್ಕೆ ಏಳು ಸಾವಿರ ದಾಟಿತ್ತು.

ಬೆಲೆ ಏರಿದಲ್ಲಿ ಪರೀಕ್ಷೆಯೂ ಬಿಗಿಯಾಗುತ್ತದೆ. 1974ರಲ್ಲಿ ಹುಟ್ಟಿದ ಅಮೆರಿಕದ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿಯ ತೀರ್ಪುಗಾರರು ಬಾನೆಟ್ ಕೆಳಗೆ ತಲೆ ಹಾಕಿದರೆ ಡಿಸ್ಟ್ರಿಬ್ಯೂಟರ್ ಮೇಲಿನ ನಂಬರು, ಕಾಯಿಲ್ ಮೇಲಿನ ಉಬ್ಬಕ್ಷರ, ವೈರಿನ ಬಣ್ಣ, ಕ್ಲಿಪ್ಪಿನ ಜಾಗ ಎಲ್ಲವನ್ನೂ ನೋಡುತ್ತಾರೆ. ಹಾಗಾಗಿ ಕಾರ್ಖಾನೆಯಲ್ಲಿ ಕೆ66 ಹಾಕಿದ್ದ ಕಾರಿಗೆ ಅದನ್ನು ಮರಳಿಸುವುದು ಬೇರೆ, ಹಾಕಿರದ ಕಾರಿಗೆ ಹೊಸದಾಗಿ ಜೋಡಿಸುವುದು ಬೇರೆ. ಎರಡನೆಯದು ತಪ್ಪಲ್ಲ, ಮಾರುವಾಗ ಅದನ್ನು ಹೇಳದಿರುವುದು ತಪ್ಪು.

ಜೋಡಿಸುವವರು ಮೊದಲು ಕೊಳ್ಳಬೇಕಾದದ್ದು ಸರಿಯಾದ ಹಾರ್ನೆಸ್, ಡಬ್ಬಿ ಆಮೇಲೆ. ಹಳೆಯ ಮಾದರಿಯಲ್ಲೇ, ರೆಸಿಸ್ಟೆನ್ಸ್ ವೈರ್ ಸಮೇತ ಹೊಸದಾಗಿ ಹೆಣೆದ ಕೆ66 ಹಾರ್ನೆಸ್‌ಗಳು ಇಂದು ಸಿಗುತ್ತವೆ. ಹಳೆಯದನ್ನೇ ಉಳಿಸಿಕೊಳ್ಳುವುದಾದರೆ ಆಂಪ್ಲಿಫೈಯರ್ ಬಿಚ್ಚಿಟ್ಟು, ಬ್ಯಾಟರಿ ಕಳಚಿ, ಒಂದೊಂದು ವೈರನ್ನೂ ಮೀಟರಿನಲ್ಲಿ ಅಳೆಯಬೇಕು. ಸೊನ್ನೆ ತೋರಿಸಿದ ರೆಸಿಸ್ಟೆನ್ಸ್ ವೈರನ್ನು ಯಾರೋ ಹಿಂದೆಯೇ ತಾಮ್ರಕ್ಕೆ ಬದಲಿಸಿದ್ದಾರೆ. ಡಿಸ್ಟ್ರಿಬ್ಯೂಟರಿನ ಸುರುಳಿ ಕೆಲವು ನೂರು ಓಮ್ ತೋರಿಸಬೇಕು, ಅದರ ಯಾವ ತುದಿಯೂ ಡಿಸ್ಟ್ರಿಬ್ಯೂಟರಿನ ಮೈಗೆ ತಾಗಿರಬಾರದು. ಒಳಗಿನ ವೈರ್ ಪ್ರತಿ ಸಲ ಗ್ಯಾಸ್ ಒತ್ತಿದಾಗಲೂ ಅತ್ತಿತ್ತ ಬಾಗುವುದರಿಂದ ಹೊದಿಕೆಯ ಒಳಗೇ ತುಂಡಾಗಿರುವುದುಂಟು, ಅಳೆಯುವಾಗ ಅದನ್ನು ಮೆಲ್ಲಗೆ ಎಳೆದು ನೋಡಿದರೆ ಗುಟ್ಟು ಹೊರಬೀಳುತ್ತದೆ. ಅರ್ತ್‌ಗಳನ್ನು ಕೆರೆದು ಬಿಗಿದ ಮೇಲೆ, ಆಂಪ್ಲಿಫೈಯರ್ ಕಟ್ಟಕಡೆಗೆ. ಎಂಜಿನ್ ಓಡದಿರುವಾಗ ಕೀ ಆನ್ ಮಾಡಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬಾರದು. ದೊಡ್ಡ ಟ್ರಾನ್ಸಿಸ್ಟರ್ ಆಗ ತೆರೆದೇ ಇದ್ದು ಸುಮ್ಮನೆ ಬಿಸಿಯಾಗುತ್ತಿರುತ್ತದೆ.

ಇನ್ನು ಆಂಪ್ಲಿಫೈಯರಿನ ಒಳಗೆ ಏನಿರಬೇಕು ಎಂಬ ಚರ್ಚೆ. ಹೊರಗಿನ ಅಲ್ಯುಮಿನಿಯಂ ಡಬ್ಬಿಯನ್ನು ಹಾಗೇ ಉಳಿಸಿ, ಒಳಗೆ ಸಿಲಿಕಾನ್ ಟ್ರಾನ್ಸಿಸ್ಟರುಗಳ ಹೊಸ ಬೋರ್ಡ್ ಕೂರಿಸುವ ಪದ್ಧತಿ ಬೆಳೆದಿದೆ. ಕಟ್ಟಾ ಮೂಲವಾದಿಗಳಿಗೆ ಇದು ಸರಿಬರದು. ಆದರೆ ಓಡಿಸಲೆಂದೇ ಇರುವ ಕಾರಿಗೆ ಇದೇ ಒಳ್ಳೆಯ ದಾರಿ. ಅದೇ ನಕ್ಷತ್ರ, ಅದೇ ಕಾಯಿಲ್, ಅದೇ ಹಾರ್ನೆಸ್, ಹಳೆಯ ವಿನ್ಯಾಸದ ಕೆಲಸದ ರೀತಿಯೂ ಅದೇ. ಬದಲಾದದ್ದು 1964ರಲ್ಲಿ ವಿನ್ಯಾಸಕಾರರು ಬಳಸದೇ ಹೋದ ಒಂದು ವಸ್ತು ಮಾತ್ರ. ಕಳಚಿದ ಜರ್ಮೇನಿಯಂ ಬೋರ್ಡನ್ನು ಎಸೆಯದೆ, ಹೆಸರು ಬರೆದು ಕಾರಿನ ಕಾಗದಪತ್ರದ ಜತೆ ಇಟ್ಟರೆ ಮುಂದಿನ ಮಾಲೀಕನಿಗೂ ನ್ಯಾಯ ಸಲ್ಲಿಸಿದಂತೆ.

ಕೆ66 1970ರ ದಶಕದ ಆರಂಭದವರೆಗೆ ಆಯ್ಕೆಯ ಪಟ್ಟಿಯಲ್ಲಿ ಉಳಿಯಿತು. ಅಷ್ಟರಲ್ಲಿ ಬೇರೆಯವರೂ ಪಾಯಿಂಟ್‌ಗೆ ವಿದಾಯ ಹೇಳತೊಡಗಿದ್ದರು. ಜಾಗ್ವಾರ್ 1971ರ ವಿ12 ಇ-ಟೈಪ್‌ಗೆ ಲೂಕಾಸ್‌ನ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿತು. ಕ್ರೈಸ್ಲರ್ 1973ರ ಮಾದರಿಗಳಿಂದ ಅಮೆರಿಕದ ತನ್ನ ಎಲ್ಲ ಕಾರುಗಳಲ್ಲೂ ಅದನ್ನು ಕಾಯಂ ಮಾಡಿತು. ಇದಕ್ಕೆಲ್ಲ ವೇಗದ ಹಂಬಲಕ್ಕಿಂತ ದೊಡ್ಡ ಕಾರಣ ಕಾನೂನು. 1970ರ ಕ್ಲೀನ್ ಏರ್ ಆಕ್ಟ್ ಬಂದ ಮೇಲೆ ಕಾರಿನ ಹೊಗೆ 50,000 ಮೈಲಿಯವರೆಗೂ ಮಿತಿಯೊಳಗೆ ಇರಬೇಕಾಯಿತು. ಹತ್ತು ಹನ್ನೆರಡು ಸಾವಿರ ಮೈಲಿಗೊಮ್ಮೆ ಸವೆದು ಟೈಮಿಂಗ್ ತಪ್ಪಿಸುವ ಪಾಯಿಂಟ್ ಅದಕ್ಕೆ ಒಗ್ಗಲಿಲ್ಲ. ತಪ್ಪಿದ ಒಂದೊಂದು ಕಿಡಿಯೂ ಸುಡದ ಪೆಟ್ರೋಲನ್ನು ಕ್ಯಾಟಲಿಟಿಕ್ ಕನ್ವರ್ಟರಿಗೆ ಕಳಿಸಿ ಅದನ್ನೇ ಸುಡುತ್ತಿತ್ತು.

1975ರಲ್ಲಿ ಜನರಲ್ ಮೋಟರ್ಸ್ ತನ್ನ ಅಮೆರಿಕದ ಕಾರುಗಳಿಗೆ ಕಾಯಂ ಮಾಡಿದ ಎಚ್‌ಇಐ ಇಗ್ನಿಷನ್‌ನಲ್ಲಿ ಅದೇ ಹಲ್ಲಿನ ನಕ್ಷತ್ರ ಮತ್ತೆ ಕಾಣಿಸುತ್ತದೆ. ಆದರೆ ವೈರಿಂಗ್ ವಿಷಯದಲ್ಲಿ ಡೆಲ್ಕೊ-ರೆಮಿಯವರು ಪಾಠ ಕಲಿತಿದ್ದರು. ಆಂಪ್ಲಿಫೈಯರ್ ಅಂಗೈಯೊಳಗೆ ಅಡಗುವಷ್ಟು ಕಿರಿದಾಗಿ ಡಿಸ್ಟ್ರಿಬ್ಯೂಟರಿನ ಒಳಗೇ ಸೇರಿತು, ವಿ8 ಎಂಜಿನ್‌ಗಳಲ್ಲಿ ಕಾಯಿಲ್ ಕ್ಯಾಪ್‌ನ ಮೇಲೇರಿ ಕೂತಿತು, ರೆಸಿಸ್ಟೆನ್ಸ್ ವೈರ್ ಮಾಯವಾಯಿತು. ಕೀಯಿಂದ ಪೂರ್ತಿ ಹನ್ನೆರಡು ವೋಲ್ಟ್ ತರುವ ಒಂದು ವೈರ್ ಕೊಟ್ಟರೆ ಎಂಜಿನ್ ಓಡಿತು. ಇದನ್ನು ಕಂಡು ಹಳೆಯ ಕಾರ್ವೆಟ್‌ಗೂ ಎಚ್‌ಇಐ ಕೂರಿಸುವವರಿದ್ದಾರೆ. ಅವರಿಗೆ ಎರಡು ತೊಡಕು ಎದುರಾಗುತ್ತವೆ. ಹಳೆಯ ರೆಸಿಸ್ಟೆನ್ಸ್ ವೈರಿನಿಂದಲೇ ಕರೆಂಟು ಕೊಟ್ಟರೆ ಎಚ್‌ಇಐ ಅರೆಹೊಟ್ಟೆಯಲ್ಲಿ ಓಡುತ್ತದೆ, ಹಾಗಾಗಿ ಆ ವೈರನ್ನು ಬೈಪಾಸ್ ಮಾಡಲೇಬೇಕು. ಎರಡನೆಯದು, 1974ರವರೆಗಿನ ಕಾರ್ವೆಟ್‌ನ ಟ್ಯಾಕೊಮೀಟರ್ ಮುಳ್ಳು ತಿರುಗುವುದು ಡಿಸ್ಟ್ರಿಬ್ಯೂಟರಿನ ಪಕ್ಕಕ್ಕೆ ಸಿಕ್ಕಿಸಿದ ಕೇಬಲ್‌ನಿಂದ. ಕಾರ್ಖಾನೆಯ ಎಚ್‌ಇಐಗೆ ಆ ಗೇರ್ ಇಲ್ಲ. 1975ರ ಕಾರ್ವೆಟ್‌ನಲ್ಲಿ ಇಗ್ನಿಷನ್ ಬದಲಾದಾಗ ಟ್ಯಾಕೊಮೀಟರೂ ಎಲೆಕ್ಟ್ರಾನಿಕ್ ಆಯಿತು. ಹಳೆಯ ಕಾರಿಗಾದರೆ ಕೇಬಲ್ ಗೇರ್ ಸೇರಿಸಿ ಮಾಡಿದ ಹೊರಗಿನ ತಯಾರಕರ ಡಿಸ್ಟ್ರಿಬ್ಯೂಟರನ್ನೇ ಹುಡುಕಬೇಕು. ಅದರ ದಪ್ಪ ತಲೆಯ ಮೇಲೆ ಹಳೆಯ ಲೋಹದ ಕವಚ ಕೂರುವುದಿಲ್ಲ, ಕವಚವಿಲ್ಲದಿದ್ದರೆ ಆ ಫೈಬರ್‌ಗ್ಲಾಸ್ ಮೈಯೊಳಗೆ ರೇಡಿಯೊ ಹಾಕಿದೊಡನೆ ಎಂಟೂ ಸಿಲಿಂಡರಿನ ಕಿಡಿ ಸ್ಪೀಕರಿನಲ್ಲಿ ಕೇಳಿಸುತ್ತದೆ.